ವಾಲಕ್ಷರಗಳ ಜೊತೆ ಇಪ್ಪತ್ತೆರಡು ವರ್ಷ

ಇಪ್ಪತ್ತೆರಡು ವರ್ಷ ನಾನು ಬೇರೆಯವರ ಹೆಸರು ಕೊರೆದು ಹೊಟ್ಟೆ ಹೊರೆದವಳು. ಸ್ಟೀಲ್ ಪಾತ್ರೆಯ ಅಂಚು, ಬೆಳ್ಳಿಯ ಕುಂಕುಮ ಭರಣಿ, ಶಾಲೆಯ ಬಹುಮಾನದ ಕಪ್, ಮನೆ ಬಾಗಿಲಿನ ನಾಮಫಲಕ, ಹೀಗೆ ಹೆಸರು ನಿಲ್ಲುವ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನನ್ನ ಕೈ ಓಡಾಡಿದೆ. ನನ್ನ ಮನೆಯ ಪಾತ್ರೆಗಳ ಮೇಲೆ ಮಾತ್ರ ಇವತ್ತಿಗೂ ಮದುವೆಯಲ್ಲಿ ಉಡುಗೊರೆ ಕೊಟ್ಟ ನೆಂಟರ ಹೆಸರುಗಳೇ ಇವೆ. ಹೋದ ತಿಂಗಳು, ನಾನು ದುಡಿದ ಅಂಗಡಿಯಲ್ಲಿ ಈಗ ಲೇಸರ್ ಯಂತ್ರ ನಡೆಸುವ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದು, "ಆಂಟಿ, ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಸ್ವಲ್ಪ ಬರ್ದುಕೊಡಿ" ಎಂದರು. ನನ್ನ ಸಂಬಳ ಯಾವಾಗ ಏರಿತು, ನನಗೆ ಯಾವಾಗ ಫ್ಯಾನ್ ಕೆಳಗಿನ ಕುರ್ಚಿ ಸಿಕ್ಕಿತು ಎಂಬುದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ನಾನು ಮಾಡಿದ ತಪ್ಪುಗಳಿಂದ ಆಗಬಹುದು. ಅವು ಬೇಕಾದಷ್ಟಿವೆ.

ಅಂಗಡಿ ಇದ್ದದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಡ್ಡರಸ್ತೆಯಲ್ಲಿ. ಯಜಮಾನರು ರುದ್ರಪ್ಪನವರು, ತಿಪಟೂರಿನ ಕಡೆಯವರು. ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ನಾನು ಬೈಲಹೊಂಗಲದವಳು. ಮದುವೆಯಾಗಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಅಂಗಡಿಯ ಮುಂದೆ "ಕೆಲಸಕ್ಕೆ ಬೇಕಾಗಿದ್ದಾರೆ" ಎಂಬ ಚೀಟಿ ನೋಡಿ ಒಳಗೆ ಹೋದೆ. ಯಜಮಾನರು ಒಂದು ಹಾಳೆ ಕೊಟ್ಟು ನನ್ನ ಹೆಸರು ಬರೆಯಲು ಹೇಳಿದರು. ಶಾಂತಾ ಎಂದು ಬರೆದೆ. ಅದನ್ನು ತಲೆಕೆಳಗೆ ಹಿಡಿದು ನೋಡಿ, "ಅಂತರ ಚೆನ್ನಾಗಿದೆ, ನಾಳೆಯಿಂದ ಬಾ" ಎಂದರು. ಅಕ್ಷರಗಳ ನಡುವಿನ ಜಾಗ ಸರಿಯಿದೆಯೇ ಎಂದು ನೋಡಬೇಕಾದರೆ ಓದಬಾರದು, ತಲೆಕೆಳಗೆ ನೋಡಬೇಕು ಎಂಬುದು ನನಗೆ ಸಿಕ್ಕ ಮೊದಲ ಪಾಠ. ಕಂಪ್ಯೂಟರ್ ಪರದೆಯ ಮೇಲೂ ಅದು ನಡೆಯುತ್ತದೆ, ಮಾಡಿ ನೋಡಿ.

ಆಗ ನಮ್ಮ ಯಂತ್ರದ ಹೆಸರು ಪ್ಯಾಂಟೋಗ್ರಾಫ್. ಎರಡು ಕಬ್ಬಿಣದ ತೋಳು ಸೇರಿಸಿದ ಒಂದು ಸಾಧನ ಅಷ್ಟೇ, ವಿದ್ಯುತ್ತು ಬೇಕಾದದ್ದು ತುದಿಯ ಸೂಜಿ ತಿರುಗಲಿಕ್ಕೆ ಮಾತ್ರ. ಹಿತ್ತಾಳೆಯ ಅಚ್ಚುಗಳನ್ನು ಸಾಲಾಗಿ ಜೋಡಿಸಿ, ಅವುಗಳ ಗೀರಿನಲ್ಲಿ ಒಂದು ತೋಳಿನ ಕಡ್ಡಿಯನ್ನು ಓಡಿಸಿದರೆ, ಇನ್ನೊಂದು ತೋಳಿನ ಸೂಜಿ ಅದೇ ಅಕ್ಷರವನ್ನು ಚಿಕ್ಕದಾಗಿ ಫಲಕದ ಮೇಲೆ ಕೊರೆಯುತ್ತಿತ್ತು. ಅಚ್ಚುಗಳು ಎರಡು ಜಾತಿ. ಒಂದು, ದಪ್ಪ ಸಣ್ಣ ಎಂಬ ಭೇದವಿಲ್ಲದೆ ಕಂಬದ ಹಾಗೆ ನಿಲ್ಲುವ ಇಂಗ್ಲಿಷ್ ಅಕ್ಷರ. ಅದಕ್ಕೆ ನಾವು ನೆಟ್ಟಕ್ಷರ ಎನ್ನುತ್ತಿದ್ದೆವು. ಇನ್ನೊಂದು ಮರದ ಪೆಟ್ಟಿಗೆಯಲ್ಲಿ ಹಸಿರು ಬಟ್ಟೆ ಹೊದೆದು ಮಲಗಿದ್ದ ಇಟಾಲಿಕ್. ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಅದರ ಜೊತೆಗೆ ಬಂದದ್ದಂತೆ. ಅಂಗಡಿಯಲ್ಲಿ ಅದಕ್ಕೆ ವಾಲಕ್ಷರ ಎಂದು ಹೆಸರು. ಯಜಮಾನರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಹೆಸರು ಅಂದ್ಮೇಲೆ ನೆಟ್ಟಗೆ ನಿಂತ್ಕೋಬೇಕು ಕಣಮ್ಮಾ. ಇದೇನು, ಊಟ ಮಾಡಿ ಗೋಡೆಗೆ ಒರಗ್ದಂಗೆ?" ಎನ್ನುತ್ತಿದ್ದರು.

ನನಗೆ ಮಾತ್ರ ಪೆಟ್ಟಿಗೆ ತೆರೆದ ದಿನವೇ ಅದರ ಮೇಲೆ ಮನಸ್ಸಾಯಿತು. ಅದು ಒರಗಿರಲಿಲ್ಲ. ಏನೋ ಹೇಳಲು ಮುಂದೆ ಬಾಗಿತ್ತು. ಮೇಲಕ್ಕೆ ಹೋಗುವ ಗೆರೆ ಕೂದಲೆಳೆಯಷ್ಟು, ಕೆಳಕ್ಕೆ ಇಳಿಯುವ ಗೆರೆ ತುಂಬಿಕೊಂಡು ಇರುತ್ತಿತ್ತು. ಪ್ರತಿ ಅಕ್ಷರದ ಕಾಲಿಗೂ ತಲೆಗೂ ಒಂದು ಸಣ್ಣ ಕುಡಿ, ಅದು ಪಕ್ಕದ ಅಕ್ಷರದ ಕಡೆಗೆ ಕೈ ಚಾಚಿದಂತೆ. ಎಫ್ ಅಕ್ಷರದ ಬಾಲ ಸಾಲಿನಿಂದ ಕೆಳಗಿಳಿದು ಆರಾಮಾಗಿ ಸುತ್ತಿಕೊಳ್ಳುತ್ತಿತ್ತು. ಸಣ್ಣ ಎ ಬರೆಯುವ ರೀತಿಯೇ ಬೇರೆ, ಕೈಬರಹದ ಹಾಗೆ ಒಂದೇ ಸುತ್ತು. ನೆಟ್ಟಕ್ಷರವನ್ನು ಪಕ್ಕಕ್ಕೆ ತಳ್ಳಿದರೆ ವಾಲಕ್ಷರ ಆಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು. ಅದು ಬೇರೆಯೇ ಮನೆತನದ ಅಕ್ಷರ.

ಹುಡುಗಿಯರೇ, ಈಗ ನಿಮ್ಮ ಕಂಪ್ಯೂಟರಿನಲ್ಲಿ ಓರೆ ಗೆರೆಯ ಗುಂಡಿ ಒಂದಿದೆ, ಅದನ್ನು ಒತ್ತಿದರೆ ಯಾವ ಅಕ್ಷರವಾದರೂ ಓರೆಯಾಗುತ್ತದೆ. ಎರಡು ಸಾವಿರದ ನಂತರ ನಮ್ಮಲ್ಲಿ ಕಂಪ್ಯೂಟರ್ ಬಂದಾಗ ನಾನೂ ಒತ್ತಿ ಕುಣಿದವಳೇ. ಬನಶಂಕರಿಯ ಒಬ್ಬ ಮೇಷ್ಟ್ರು ನನ್ನ ಕೆಲಸ ನೋಡಿ, "ಏನಮ್ಮಾ, ಅಕ್ಷರಕ್ಕೆ ಯಾರೋ ಡಿಕ್ಕಿ ಹೊಡ್ದಂಗಿದೆ" ಎಂದು ವಾಪಸ್ ಕೊಟ್ಟರು. ಅಕ್ಷರದ ಪಟ್ಟಿಯಲ್ಲಿ ಇಟಾಲಿಕ್ ಎಂದೇ ಬೇರೆ ಕಡತವಿದ್ದರೆ ಅದನ್ನು ತೆಗೆದುಕೊಳ್ಳಿ. ಇಲ್ಲದಿದ್ದರೆ ಆ ಗುಂಡಿಗೆ ಕೈ ಹಾಕಬೇಡಿ.

ಇನ್ನು ಅದನ್ನು ಎಲ್ಲಿ ಬಳಸಬೇಕು ಎಂಬ ವಿಷಯ. ಗಿರಿನಗರದಲ್ಲಿ ಹೊಸದಾಗಿ ಕ್ಲಿನಿಕ್ ತೆರೆದ ಒಬ್ಬ ಹಲ್ಲಿನ ಡಾಕ್ಟರಿಗೆ ನಾನೇ ಹುರಿದುಂಬಿಸಿ ವಾಲಕ್ಷರದಲ್ಲಿ ಬೋರ್ಡ್ ಮಾಡಿಕೊಟ್ಟೆ. ಕಪ್ಪಿನ ಮೇಲೆ ಚಿನ್ನದ ಬಣ್ಣ, ನೋಡಲು ಕಣ್ಣಿಗೆ ಹಬ್ಬ. ಹದಿನೈದು ದಿನಕ್ಕೆ ಡಾಕ್ಟರು ಅಂಗಡಿಗೆ ಬಂದರು. "ಮೇಡಂ, ದಿನಾ ಇಬ್ರು ಮೂವರು ಹೆಂಗಸ್ರು ಮೆಟ್ಲು ಹತ್ಕೊಂಡ್ ಬಂದು ಐಬ್ರೋ ಮಾಡ್ತೀರಾ ಅಂತ ಕೇಳ್ತಾರೆ. ಹಲ್ಲು ನೋವು ಅಂತ ಒಬ್ರೂ ಬಂದಿಲ್ಲ" ಎಂದರು ಪಾಪ. ರಸ್ತೆಯಿಂದ ಓದಬೇಕಾದದ್ದಕ್ಕೆ, ಗಾಬರಿಯಲ್ಲಿ ಹುಡುಕಬೇಕಾದದ್ದಕ್ಕೆ, ಫೋನ್ ನಂಬರಿಗೆ ಅದು ಆಗಿಬರುವುದಿಲ್ಲ. ಹತ್ತಿರ ಬಂದು ನಿಂತು ಓದುವಂಥದ್ದಕ್ಕೆ, ಮನೆಯ ಹೆಸರಿಗೆ, ನಿವೃತ್ತರಾಗುವವರಿಗೆ ಗೆಳೆಯರು ಕೊಡುವ ಬೆಳ್ಳಿ ತಟ್ಟೆಗೆ, ಮಗುವಿಗೆ ಹಾಲು ಕುಡಿಸುವ ಒಳಲೆಗೆ ಅದರಷ್ಟು ಚೆಂದ ಬೇರೆ ಇಲ್ಲ. ಒಂದು ಸಾಲು, ಹೆಚ್ಚೆಂದರೆ ಎರಡು. ಮತ್ತೆ ಅಳತೆಪಟ್ಟಿ ಹಿಡಿದು ನಟ್ಟ ನಡುವೆ ಇಟ್ಟರೆ ಅದು ಬಲಕ್ಕೆ ಜರುಗಿದಂತೆ ಕಾಣುತ್ತದೆ, ಒಂದು ನೂಲಿನಷ್ಟು ಎಡಕ್ಕೆ ಸರಿಸಿ ಇಡಿ.

ಕನ್ನಡವನ್ನೂ ವಾಲಿಸಲು ಹೋಗಿ ಪೆಟ್ಟು ತಿಂದಿದ್ದೇನೆ. ತಲಘಟ್ಟಪುರದ ಕಡೆ ತೋಟದ ಮನೆ ಕಟ್ಟಿದವರೊಬ್ಬರು ಕನ್ನಡದ ಹೆಸರೇ ಬೇಕು, ಆದರೆ ಇಂಗ್ಲಿಷಿನ ಹಾಗೆ ಬಾಗಿರಬೇಕು ಎಂದರು. ನನ್ನ ಹತ್ತಿರ ಅಂಥ ಅಚ್ಚಿರಲಿಲ್ಲ. ಇರುವ ಕನ್ನಡದ ಅಚ್ಚುಗಳನ್ನೇ ಒಂದೊಂದಾಗಿ ಓರೆಯಿಟ್ಟು ಕೊರೆದೆ. ಎಲ್ಲ ಅಕ್ಷರವೂ ಇಳಿಜಾರಿನಲ್ಲಿ ಉರುಳುತ್ತಿದ್ದ ಹಾಗೆ ಕಂಡವು. ಯಜಮಾನರು ಭೂತಗನ್ನಡಿ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕನ್ನಡಕ್ಕೆ ಬಳುಕು ಹುಟ್ತಾನೇ ಬಂದಿದೆ ಕಣಮ್ಮಾ. ಅದನ್ನ ನೀನು ಬೇರೆ ಬಗ್ಗಿಸ್ಬೇಕಾ?" ಎಂದರು. ಆ ಮಾತು ನನಗೆ ತುಂಬ ಹಿಡಿಸಿತು. ವಾಲಕ್ಷರವನ್ನು ಬೈಯುತ್ತಿದ್ದ ಮನುಷ್ಯನಿಗೆ ಬಳುಕು ಎಂದರೆ ಏನೆಂದು ಗೊತ್ತಿತ್ತು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಬರೆದೆ ಎಂದರೂ ನಡೆಯುತ್ತದೆ.

ನಾನು ಸೇರಿ ನಾಲ್ಕೈದು ವರ್ಷವಾಗಿತ್ತು. ಒಂದು ಶನಿವಾರ ಶ್ರೀಧರ್ ಎಂಬುವವರು ಬಂದರು, ಮೆತ್ತಗೆ ಮಾತಾಡುವ ಮನುಷ್ಯ. ಜೆ.ಪಿ. ನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದರು, ಮುಂದಿನ ಶುಕ್ರವಾರ ಗೃಹಪ್ರವೇಶ. ಬಾಗಿಲ ಪಕ್ಕ ಹಾಕಲು ಫಲಕ ಬೇಕು, ಎರಡು ಹೆಸರು, ಒಂದೇ ಸಾಲು, ಒಂದೇ ಅಳತೆ. ಹೆಂಡತಿ ಉಮಾ ಅವರ ಹೆಸರು ಮೊದಲು, ತಮ್ಮದು ಆಮೇಲೆ. ನಾನು ತಲೆಯೆತ್ತಿ ನೋಡಿದೆ. ಅಲ್ಲಿಯವರೆಗೆ ಹೆಂಗಸರ ಹೆಸರನ್ನು ಬಾಗಿಲಿಗೆ ಕೊರೆದಿದ್ದೇ ಕಡಿಮೆ, ಅದೂ ಗಂಡನ ಹೆಸರಿನ ಕೆಳಗೆ ಅರ್ಧ ಗಾತ್ರದಲ್ಲಿ.

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಹದಿನಾರು ವರ್ಷ ದುಡಿದು ಅವಳೇ ಕಟ್ಟಿಸಿದ ಮನೆ ಮೇಡಂ," ಎಂದರು ಅವರು. "ನಮ್ಮಣ್ಣ ಇದಾರೆ, ಸ್ವಲ್ಪ ಹಳೇ ಕಾಲದವ್ರು. ಬಾಗಿಲ ಮೇಲೆ ಗಂಡಸಿನ ಹೆಸರು ಒಂದೇ ಸಾಕು, ನೀನು ನಗೆಪಾಟಲಾಗ್ತೀಯಾ ಅಂತಾರೆ. ಗೃಹಪ್ರವೇಶದ ದಿನ ಫಲಕ ಹಾಕಿಬಿಟ್ರೆ ಆಮೇಲೆ ಯಾರೂ ತೆಗೆಸೋಕಾಗಲ್ಲ. ಅದಕ್ಕೇ ಅವತ್ತೇ ಬೇಕು."

ವಾಲಕ್ಷರವನ್ನು ಅವರೇ ಆರಿಸಿದರು. ಈ ಸಲ ನಾನು ಹುರಿದುಂಬಿಸಲು ಹೋಗಲಿಲ್ಲ, ಗಿರಿನಗರದ ಡಾಕ್ಟರು ನೆನಪಿನಲ್ಲಿದ್ದರು.

ಆಗ ಚಾಲ್ತಿಯಲ್ಲಿದ್ದದ್ದು ಅಕ್ರಿಲಿಕ್ ಫಲಕ. ಗಾಜಿನಂಥ ಹಾಳೆಯ ಹಿಂಬದಿಯಲ್ಲಿ ಅಕ್ಷರ ಕೊರೆದು, ಅದಕ್ಕೆ ಚಿನ್ನದ ಬಣ್ಣ ತುಂಬಿ, ಒಣಗಿದ ಮೇಲೆ ಹಿಂಬದಿಗೆ ಪೂರ್ತಿ ಕಪ್ಪು ಬಣ್ಣ ಹೊಡೆಯುತ್ತಿದ್ದೆವು. ಹಿಂದಿನಿಂದ ಕೊರೆಯುವುದರಿಂದ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಅದಕ್ಕೆಂದೇ ಪ್ರತಿ ಅಚ್ಚಿನ ಬೆನ್ನಿಗೂ ತಿರುಗಿಸಿದ ಅಕ್ಷರದ ಗೀರು ಇರುತ್ತಿತ್ತು, ಅಚ್ಚನ್ನು ಮಗುಚಿ ಜೋಡಿಸಬೇಕು. ನೆಟ್ಟಕ್ಷರದಲ್ಲಾದರೆ ಇಂಗ್ಲಿಷಿನ ಯು, ಎಂ, ಎ ಇಂಥವಕ್ಕೆ ಆ ಕೆಲಸವಿಲ್ಲ. ಅವು ಕನ್ನಡಿಯಲ್ಲೂ ಹಾಗೆಯೇ ಕಾಣುತ್ತವೆ. ವರ್ಷಗಟ್ಟಲೆ ಅವನ್ನು ಮಗುಚದೆಯೇ ಇಟ್ಟು ನನ್ನ ಬೆರಳಿಗೆ ಅಭ್ಯಾಸವಾಗಿತ್ತು. ಆದರೆ ವಾಲಕ್ಷರದಲ್ಲಿ ಅಂಥ ಸಲೀಸು ಅಕ್ಷರ ಒಂದೂ ಇಲ್ಲ. ಮಗುಚದೆ ಇಟ್ಟರೆ ಮುಂದಿನಿಂದ ನೋಡುವಾಗ ಅದು ಎಡಕ್ಕೆ, ಹಿಂದಕ್ಕೆ ವಾಲುತ್ತದೆ.

ಶ್ರೀಧರ್ ಎಂಬ ಹೆಸರಿನಲ್ಲಿ ಎಸ್ ಇದೆ, ಆರ್ ಇದೆ, ಡಿ ಇದೆ. ಅವು ಕೈಯನ್ನು ಎಚ್ಚರಿಸುತ್ತವೆ. ಎಲ್ಲ ಅಚ್ಚನ್ನೂ ಮಗುಚಿ ಸರಿಯಾಗಿ ಜೋಡಿಸಿದೆ. ಉಮಾ ಎಂಬುದರಲ್ಲಿ ಇರುವುದೇ ಯು, ಎಂ, ಎ. ಹೊಸಬಳಾಗಿದ್ದರೆ ಪ್ರತಿಯೊಂದನ್ನೂ ಹೆದರಿ ಹೆದರಿ ಮಗುಚುತ್ತಿದ್ದೆ. ನಾನು ಪಳಗಿದವಳು ನೋಡಿ, ಯಾರೊಂದಿಗೋ ಮಾತಾಡುತ್ತ ಮೂರನ್ನೂ ಹಾಗೇ ಇಟ್ಟು ಕೊರೆದುಬಿಟ್ಟೆ.

ಗುರುವಾರ ಮಧ್ಯಾಹ್ನ ಕಪ್ಪು ಬಣ್ಣ ಒಣಗಿದ ಮೇಲೆ ಫಲಕವನ್ನು ತಿರುಗಿಸಿ ನೋಡಿದೆ. ಎಡಗಡೆಯ ಉಮಾ ಎಡಕ್ಕೆ ವಾಲಿತ್ತು, ಬಲಗಡೆಯ ಶ್ರೀಧರ್ ಬಲಕ್ಕೆ ವಾಲಿತ್ತು. ಗಂಡ ಹೆಂಡತಿ ಜಗಳವಾಡಿ ಬೆನ್ನು ತಿರುಗಿಸಿ ಕೂತಂತಿತ್ತು. ಗೃಹಪ್ರವೇಶದ ದಿನ ಇದನ್ನು ಬಾಗಿಲಿಗೆ ಹಾಕಿದರೆ ಆ ಅಣ್ಣ ಸುಮ್ಮನಿರುತ್ತಾರೆಯೇ?

ಯಜಮಾನರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಅದೇ ಕಷ್ಟ. ಹೊಸದಾಗಿ ಮಾಡಲು ಬಣ್ಣ ಒಣಗುವುದಕ್ಕೇ ಒಂದು ದಿನ ಬೇಕು. ಕಪಾಟಿನಿಂದ ಬಣ್ಣ ಬೇಡದ ಒಂದು ಸಣ್ಣ ಹಿತ್ತಾಳೆ ತಗಡು ತೆಗೆದರು, ಇದ್ದದ್ದು ಅದೊಂದೇ.

"ಇದ್ರಲ್ಲಿ ಒಂದೇ ಹೆಸರು ಹಿಡಿಯೋದು. ನೆಟ್ಟಕ್ಷರದಲ್ಲಿ ಶ್ರೀಧರ್ ಅಂತ ಹಾಕ್ಕೊಡು. ನಾಳೆ ಮಟ್ಟಿಗೆ ಆಗ್ಲಿ, ಮುಂದಿನ ವಾರ ಎರಡೂ ಹೆಸರಿನದು ಕೊಡೋಣ."

"ಉಮಾ ಅಂದ್ರ ಮೂರ ಅಕ್ಷರರೀ. ಅದನ್ನ ಹಾಕ್ಲೇನ್ರಿ?" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದ ನೋಟಕ್ಕೆ ತಗಡು ಎತ್ತಿಕೊಂಡು ಯಂತ್ರದ ಮುಂದೆ ಕೂತೆ.

ಅರ್ಧ ಗಂಟೆಯಲ್ಲಿ ಹಿತ್ತಾಳೆಯದು ಮುಗಿಯಿತು. ಮುಗಿಸುವಾಗ ನನಗೆ ಅಳು ಬರುವಷ್ಟು ಸಂಕಟವಾಗುತ್ತಿತ್ತು. ಏಕೆಂದರೆ ಈ ಕಸುಬಿನಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯಿದೆ: ಸದ್ಯಕ್ಕೆ ಇರಲಿ ಎಂದು ಗೋಡೆಗೆ ಹೊಡೆದ ಫಲಕವನ್ನು ಯಾರೂ ಬದಲಾಯಿಸುವುದಿಲ್ಲ. ನಾಳೆ ಆ ಒಂದು ಹೆಸರು ಮೇಲೇರಿದರೆ ಆ ಹೆಂಗಸಿನ ಹೆಸರು ತಾನು ಕಟ್ಟಿಸಿದ ಮನೆಯ ಮೇಲೆ ಎಂದಿಗೂ ಬರುವುದಿಲ್ಲ. ಅದಕ್ಕೆ ಶ್ರೀಧರ್ ಅವರ ಅಣ್ಣ ಬೇಕಿರಲಿಲ್ಲ, ನನ್ನ ಬೆರಳುಗಳೇ ಸಾಕಾಗಿದ್ದವು.

"ಎರಡೂ ಒಯ್ತೀನ್ರಿ. ಅವರೇ ನೋಡಿ ಹೇಳ್ಲಿ," ಎಂದು ಫಲಕ ಎರಡನ್ನೂ, ಜೊತೆಗೆ ಅಕ್ರಿಲಿಕ್ ಕೊಯ್ಯುವ ಚಾಕು, ಅರ, ಕಪ್ಪು ಬಣ್ಣದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಆ ಸಾಮಾನು ಏಕೆ ತೆಗೆದುಕೊಂಡೆನೋ ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಮನೆಯ ಮುಂದೆ ಚಪ್ಪರ ಹಾಕುತ್ತಿದ್ದರು. ಉಮಾ ಅವರು ಸೆರಗು ಸಿಕ್ಕಿಸಿಕೊಂಡು ಮಾವಿನೆಲೆ ಜೋಡಿಸುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ನಾನು ಪೀಠಿಕೆ ಹಾಕದೆ, "ತಪ್ಪು ನಂದರೀ, ಯಜಮಾನರದಲ್ಲ," ಎಂದು ಎರಡನ್ನೂ ಜಗಲಿಯ ಮೇಲೆ ಇಟ್ಟೆ. ಶ್ರೀಧರ್ ಕೂಡ ಬಂದು ನಿಂತರು.

ಉಮಾ ಮೊದಲು ಹಿತ್ತಾಳೆಯದನ್ನು ನೋಡಿ ಪಕ್ಕಕ್ಕೆ ಸರಿಸಿದರು. ಆಮೇಲೆ ಕಪ್ಪು ಫಲಕವನ್ನು ಎತ್ತಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು.

"ಏನ್ರೀ ಇದು, ನಾವಿಬ್ರೂ ಮುನಿಸ್ಕೊಂಡಿದೀವಲ್ಲ," ಎಂದರು.

"ನಡಕ್ ಕೊಯ್ದು ಅದಲು ಬದಲು ಮಾಡಿದ್ರ ಎದುರಾಬದುರು ಆಗ್ತಾವ್ರಿ," ಎಂದೆ. ಬಸ್ಸಿನಲ್ಲಿ ಕೂತಾಗ ಹೊಳೆದದ್ದು ಅದು. "ಸರ್ ಹೆಸರು ಎಡಕ್ಕ, ನಿಮ್ದು ಬಲಕ್ಕ."

"ಆಗ ನಂದು ಹಿಂದೆ ಹೋಯ್ತಲ್ಲ."

ಶ್ರೀಧರ್, "ಹಿಂದೆ ವಾಲಿದ್ರೂ ಪರ್ವಾಗಿಲ್ಲ, ಹೀಗೇ ಹಾಕೋಣ ಬಿಡು. ಅಣ್ಣ ಅಂದ್ರೆ ಅನ್ಲಿ," ಎಂದರು. ಆದರೆ ಅವರ ದನಿಯಲ್ಲಿ ಅಳುಕಿತ್ತು.

ಉಮಾ ಅವರ ಕಣ್ಣು ತುಂಬಿತ್ತು. "ಹದಿನಾರು ವರ್ಷ ಹಲೋ ಹಲೋ ಅಂತ ಬೇರೆಯವ್ರಿಗೆ ಲೈನ್ ಕೊಟ್ಟಿದೀನಿ ಕಣ್ರೀ. ಒಂದಿನ ಯಾರಿಗೂ ನನ್ನ ಹೆಸರು ಹೇಳಿಲ್ಲ, ಹೇಳೋ ಹಂಗೂ ಇರ್ಲಿಲ್ಲ. ಈ ಮನೆ ಮೇಲಾದ್ರೂ ಇರ್ಲಿ ಅಂತ ಆಸೆ. ಸೊಟ್ಟಗಾದ್ರೂ ಇರ್ಲಿ." ಎಂದವರು ಫಲಕ ಹಿಡಿದುಕೊಂಡೇ ಗೇಟಿನವರೆಗೆ ನಡೆದುಹೋದರು. ಗೇಟಿನ ಎರಡು ಕಡೆ ಹೊಸದಾಗಿ ಸುಣ್ಣ ಹೊಡೆದ ಎರಡು ಕಂಬ. ಅವುಗಳ ನಡುವೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಆಮೇಲೆ ಅಲ್ಲಿಂದಲೇ ಕೂಗಿದರು.

"ಬನ್ರೀ ಇಲ್ಲಿ. ಕೊಯ್ದುಬಿಡಿ. ಒಂದೊಂದು ಕಂಬಕ್ಕೆ ಒಂದೊಂದು."

ಜಗಲಿಯ ಮೇಲೇ ಕೂತು ನಡುವೆ ಚಾಕುವಿನಿಂದ ಗೀರು ಹಾಕಿ ಮುರಿದೆ. ಅಂಚು ಅರದಿಂದ ಉಜ್ಜಿ, ಸಿಪ್ಪೆಯೆದ್ದ ಕಡೆ ಕಪ್ಪು ಮುಟ್ಟಿಸಿದೆ. ಚಪ್ಪರದವರ ಡ್ರಿಲ್ ತೆಗೆದುಕೊಂಡು ಶ್ರೀಧರ್ ತೂತು ಹಾಕಿದರು. ರಸ್ತೆಯಲ್ಲಿ ನಿಂತು ಮನೆಯ ಕಡೆ ನೋಡಿದರೆ ಎಡಗಂಬದ ಮೇಲೆ ಶ್ರೀಧರ್, ಬಲಗಂಬದ ಮೇಲೆ ಉಮಾ. ಎರಡು ಹೆಸರೂ ಗೇಟಿನ ಮೇಲಿಂದ ಒಂದರ ಕಡೆ ಒಂದು ಬಾಗಿ ಮಾತಾಡುತ್ತಿದ್ದವು. ನನ್ನ ಕೈಯಿಂದ ಹೊರಟ ಕೆಲಸಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ ಎಂದು ಈಗಲೂ ನನಗೆ ಅನಿಸುತ್ತದೆ. ಹಿತ್ತಾಳೆಯದನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ. ನಡೆದದ್ದನ್ನು ಕೇಳಿದ ಯಜಮಾನರು ಮುಂದೆ ಗಿರಾಕಿಗಳಿಗೆ ಜೋಡಿಗಂಬದ ಫಲಕ ತೋರಿಸಿ, "ಇದು ನಮ್ಮ ಶಾಂತಮ್ಮನ ಡಿಸೈನು ಸಾರ್" ಎಂದು ಆರ್ಡರ್ ಹಿಡಿಯತೊಡಗಿದರು. ನಾನು ತಿದ್ದಲು ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನನ್ನೂ ಗೃಹಪ್ರವೇಶಕ್ಕೆ ಕರೆದಿದ್ದರು. ನಾನು ಗೇಟಿನ ಒಳಗೆ ನಿಂತಿದ್ದಾಗ ಆ ಅಣ್ಣನವರು ಮುಖ್ಯರಸ್ತೆಯ ಕಡೆಯಿಂದ, ಎಂದರೆ ಬಲಗಂಬದ ಕಡೆಯಿಂದ, ಶಲ್ಯ ಸರಿಪಡಿಸಿಕೊಳ್ಳುತ್ತ ನಡೆದು ಬಂದರು. ಮೊದಲ ಕಂಬದ ಹತ್ತಿರ ನಿಂತರು. "ಉಮಾ" ಎಂದು ಓದಿದರು. ಮುಂದೆ ಎರಡು ಹೆಜ್ಜೆ ಇಟ್ಟು ಇನ್ನೊಂದು ಕಂಬ ನೋಡಿದರು.

"ಏನಮ್ಮಾ ಇದು? ನನ್ನ ತಮ್ಮನ ಹೆಸರು ಎರಡನೇದಾಗೋಯ್ತಲ್ಲ?"

ಉಮಾ ಸ್ವಲ್ಪವೂ ಬೆದರಲಿಲ್ಲ. "ಎಲ್ಲಿ ಭಾವ ಎರಡನೇದು? ಒಂದೊಂದು ಕಂಬಕ್ಕೆ ಒಂದೊಂದು ಹಾಕಿದೀವಿ. ನೀವು ಆ ಕಡೆಯಿಂದ ಬಂದಿದ್ರೆ ಅವ್ರದೇ ಮೊದಲು ಸಿಕ್ತಿತ್ತು," ಎಂದರು.

ಅಣ್ಣನವರು ತಿರುಗಿ ಆ ಕಡೆ ನೋಡಿದರು. ನಾನೂ ನೋಡಿದೆ. ಪಕ್ಕದ ಸೈಟಿನ ಬೇಲಿ ದಾಟಿದರೆ ರಸ್ತೆ ಮುಗಿದೇ ಹೋಗಿತ್ತು. ಅಲ್ಲಿಂದಾಚೆ ಬರೀ ರಾಗಿ ಹೊಲ.

ಉಮಾ ಸೆರಗಿನ ತುದಿಯಿಂದ ತಮ್ಮ ಹೆಸರಿನ ಮೇಲಿನ ಸುಣ್ಣದ ಧೂಳನ್ನು ಒರೆಸಿ, ಗೇಟನ್ನು ಪೂರ್ತಿ ತೆರೆದರು.

"ಬನ್ನಿ ಭಾವ," ಎಂದರು, "ನಮ್ಮನೆಗೆ ಬನ್ನಿ."